ಮಣಿಕಟ್ಟಿಗೆ ಸುತ್ತಿದ ಮೂರು ಮೀಟರ್ ಹಗ್ಗ

ಮಡಿಕೇರಿ ಪೇಟೆಯ ಅಂಗಡಿಗಳಲ್ಲಿ ಈಗ ಕಾಫಿಪುಡಿ, ಜೇನು, ಹೋಂಮೇಡ್ ಚಾಕೊಲೇಟ್, ಕಾಚಂಪುಳಿ ಬಾಟಲಿಗಳ ಪಕ್ಕದಲ್ಲೇ ಇನ್ನೊಂದು ಸ್ಟ್ಯಾಂಡ್ ಬಂದು ನಿಂತಿದೆ. ಅದರ ತುಂಬ ಹಗ್ಗದ ಬ್ರೇಸ್ಲೆಟ್‌ಗಳು. ಮಿಲಿಟರಿ ಹಸಿರು, ಕಪ್ಪು, ಕಣ್ಣಿಗೆ ಹೊಡೆಯುವ ಕಿತ್ತಳೆ. ಒಂದೊಂದಕ್ಕೂ ಪ್ಲಾಸ್ಟಿಕ್ ಬಕಲ್, ಆ ಬಕಲ್‌ನಲ್ಲೇ ಒಂದು ಸೀಟಿ, ಅಂಗಿ ಗುಂಡಿಯಷ್ಟು ದಿಕ್ಸೂಚಿ, ಕಿಡಿ ಹಾರಿಸುವ ಸಣ್ಣ ಕಡ್ಡಿ. ಮೇಲೆ ‘ಸರ್ವೈವಲ್ ಬ್ರೇಸ್ಲೆಟ್’ ಅಂತ ಚೀಟಿ. ಕಾಡಿನಲ್ಲಿ ಸಿಕ್ಕಿಹಾಕಿಕೊಂಡರೆ ಇದನ್ನು ಬಿಚ್ಚಿ, ಮೂರು ಮೀಟರ್ ಗಟ್ಟಿ ಹಗ್ಗ ಕೈಗೆ ಬರುತ್ತೆ, ಜೀವ ಉಳಿಯುತ್ತೆ ಅನ್ನೋದು ಆ ಚೀಟಿಯ ಭರವಸೆ. ನಾನೂ ಇವನ್ನು ಮಾಡುತ್ತೇನೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೋ ಗೊತ್ತಿಲ್ಲದ ಊರು ನಮ್ಮದು. ತೋಟಕ್ಕೆ ಇಳಿಯೋಕೆ ಆಗಲ್ಲ, ಫೋನಿಗೆ ಚಾರ್ಜ್ ಇರಲ್ಲ, ಕೈಗೆ ಏನಾದರೂ ಕೆಲಸ ಬೇಕಲ್ವಾ. ಹಾಗೆ ಶುರುವಾದ ಹವ್ಯಾಸ. ನಮ್ಮ ಹೋಂಸ್ಟೇಗೆ ಬರುವವರು ನೋಡಿ ಕೇಳುತ್ತಾರೆ, ಕೆಲವರಿಗೆ ಸುಮ್ನೆ ಕೊಡುತ್ತೇನೆ, ಕೆಲವರು ದುಡ್ಡು ಕೊಟ್ಟೇ ತೀರುತ್ತಾರೆ.

ಆದರೆ ಒಂದು ವಿಷಯ ನನ್ನನ್ನು ಕೊರೆಯುತ್ತಲೇ ಇದೆ. ಒಂದು ಸೆಪ್ಟೆಂಬರ್ ಕೊನೆಯಲ್ಲಿ, ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಬೆಂಗಳೂರಿನಿಂದ ಬಂದಿದ್ದ ಹುಡುಗರ ಜೊತೆ ತಡಿಯಂಡಮೋಳ್ ಹತ್ತಲು ಹೋಗಿದ್ದೆ. ಕೊಡಗಿನ ಅತಿ ಎತ್ತರದ ಬೆಟ್ಟ, 1,748 ಮೀಟರ್. ನಾಲ್ಕುನಾಡು ಅರಮನೆ ದಾಟಿ, ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಹೊತ್ತಿಗೆ ಒಬ್ಬ ಹುಡುಗನ ಶೂವಿನ ಅಡಿ ಬಾಯಿ ಬಿಟ್ಟಿತು. ನಮ್ಮ ಕಡೆಯ ತೇವಕ್ಕೆ ಶೂವಿನ ಅಂಟು ಬಿಡೋದು ಹೊಸದೇನಲ್ಲ. ಇನ್ನು ಹತ್ತು ಹೆಜ್ಜೆ ಇಟ್ಟರೆ ಅಡಿ ಪೂರ್ತಿ ಕಿತ್ತು ಕೈಗೆ ಬರುವ ಹಾಗಿತ್ತು. ಜೊತೆಗಿದ್ದ ಕಕ್ಕಬ್ಬೆಯ ಗೈಡ್ ಹುಡುಗ ಬಗ್ಗಿ ನೋಡಿ, "ಯಾರ ಹತ್ರನಾದ್ರೂ ಹಗ್ಗ ಇದೆಯಾ?" ಅಂತ ಕೇಳಿದ. ಎಲ್ಲರೂ ಬ್ಯಾಗ್ ತಡಕಿದರು. ಪವರ್ ಬ್ಯಾಂಕ್ ಬಂತು, ಚಿಪ್ಸ್ ಬಂತು, ಡಿಯೋಡರೆಂಟ್ ಕೂಡ ಬಂತು. ಹಗ್ಗ ಇಲ್ಲ.

"ನಿಮ್ಮ ಕೈಯಲ್ಲೇ ಇದೆಯಲ್ಲ" ಅಂದೆ. ಶೂ ಹರಿದ ಹುಡುಗನ ಕೈಯಲ್ಲೂ, ಪಕ್ಕದವನ ಕೈಯಲ್ಲೂ ಅದೇ ಬ್ರೇಸ್ಲೆಟ್ ಇತ್ತು. ಅವನು ಮಣಿಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಇದಾ? ಇದನ್ನ ಬಿಚ್ಚಿದ್ರೆ ಮತ್ತೆ ಹಾಕೋಕೆ ಬರಲ್ಲ ಅಣ್ಣ. ನಾನೂರು ರೂಪಾಯಿ ಕೊಟ್ಟಿದೀನಿ." ಪಕ್ಕದವನು ಆಗಲೇ ಕೈಯನ್ನು ಜಾಕೆಟ್ ಜೇಬಿಗೆ ಹಾಕಿಬಿಟ್ಟಿದ್ದ. ಗೈಡ್ ಒಂದು ಮಾತೂ ಆಡದೆ ತನ್ನ ಚೀಲದಿಂದ ಅಕ್ಕಿ ಮೂಟೆಯ ಬಾಯಿ ಕಟ್ಟುವ ಪ್ಲಾಸ್ಟಿಕ್ ದಾರ ತೆಗೆದ. ಶೂವಿನ ಕೆಳಗಿಂದ ಮೇಲಕ್ಕೆ ಅಡ್ಡಡ್ಡ ಸುತ್ತಿ ಬಿಗಿದ. ಹುಡುಗ ಅದರಲ್ಲೇ ಬೆಟ್ಟ ಹತ್ತಿ ಇಳಿದ. ಮೇಲೆ ತೆಗೆದ ಫೋಟೋದಲ್ಲಿ ಬ್ರೇಸ್ಲೆಟ್ ಚೆನ್ನಾಗಿ ಕಾಣುತ್ತಿತ್ತು.

ಆ ಹುಡುಗರನ್ನು ಆಡಿಕೊಳ್ಳೋಕೆ ಇದನ್ನು ಹೇಳುತ್ತಿಲ್ಲ. ನನಗೂ ಬಿಚ್ಚೋಕೆ ಮನಸ್ಸು ಬರ್ತಿರಲಿಲ್ಲ ಅನಿಸುತ್ತೆ. ಬಿಚ್ಚೋದಕ್ಕೆ ಅಂತಲೇ ಮಾಡಿದ ವಸ್ತು, ಬಿಚ್ಚೋಕೆ ಮನಸ್ಸೇ ಬಾರದಷ್ಟು ಅಂದವಾಗಿ ಕಟ್ಟಿರುತ್ತಾರೆ. ಹಾಗಾದರೆ ಇದು ಹಗ್ಗವಾ, ಒಡವೆಯಾ?

ಹಗ್ಗದ ಒಳಗೆ

ಮೊದಲು ಹಗ್ಗದ ವಿಷಯ. ಈ ಬ್ರೇಸ್ಲೆಟ್ ಹೆಣೆಯುವ ಹಗ್ಗದ ಹೆಸರು ಪ್ಯಾರಾಕಾರ್ಡ್, ಅಂದರೆ ಪ್ಯಾರಾಶೂಟ್ ಕಾರ್ಡ್. ಪ್ಯಾರಾಶೂಟಿನ ಬಟ್ಟೆಗೂ ಅದರಲ್ಲಿ ಇಳಿಯುವ ಸೈನಿಕನ ಮೈಪಟ್ಟಿಗೂ ನಡುವೆ ಇರುವ ಎಳೆಗಳು ಇವೇ. ಮೊದಲೆಲ್ಲ ಪ್ಯಾರಾಶೂಟು ರೇಷ್ಮೆಯದು. ಅಮೆರಿಕಕ್ಕೆ ಆ ರೇಷ್ಮೆ ಬರುತ್ತಿದ್ದದ್ದು ಜಪಾನಿನಿಂದ. ಎರಡನೇ ಮಹಾಯುದ್ಧದಲ್ಲಿ ಅದೇ ಜಪಾನ್ ಶತ್ರುವಾಯಿತು, ರೇಷ್ಮೆ ನಿಂತಿತು. ಡುಪಾಂಟ್ ಕಂಪನಿ 1935ರಲ್ಲಿ ಕಂಡುಹಿಡಿದಿದ್ದ ನೈಲಾನ್ ಆ ಜಾಗಕ್ಕೆ ಬಂತು. ಅದುವರೆಗೆ ನೈಲಾನ್ ಅಂದರೆ ಹೆಂಗಸರ ಕಾಲುಚೀಲ, ಹಲ್ಲುಜ್ಜುವ ಬ್ರಷ್ಷಿನ ಕೂದಲು. ನೆಲಕ್ಕೆ ಇಳಿದ ಸೈನಿಕರು ಪ್ಯಾರಾಶೂಟಿನ ಹಗ್ಗ ಕೊಯ್ದು ಇಟ್ಟುಕೊಂಡು ಏನೇನಕ್ಕೋ ಬಳಸಿದರು. ಹಾಗೆ ಅದು ಆಕಾಶದಿಂದ ನೆಲಕ್ಕೆ ಇಳಿದು, ಮತ್ತೆ ಆಕಾಶಕ್ಕೂ ಹೋಯಿತು. 1997ರಲ್ಲಿ ಹಬಲ್ ದೂರದರ್ಶಕವನ್ನು ರಿಪೇರಿ ಮಾಡಲು ಹೋದ ಗಗನಯಾತ್ರಿಗಳು ಇದೇ ಹಗ್ಗವನ್ನು ಬಳಸಿದ್ದರು. ಮನೆಗೊಬ್ಬ ಫೌಜಿ ಇರುವ ಕೊಡಗಿನಲ್ಲಿ ಈ ಹಗ್ಗ ಅಷ್ಟೇನೂ ಅಪರಿಚಿತ ಅಲ್ಲ. ನಮ್ಮ ಪಕ್ಕದ ತೋಟದ ಸುಬೇದಾರ್ ಮಾವ ಅದನ್ನು ಟ್ರಂಕಿನಲ್ಲಿ ಸುತ್ತಿ ಇಟ್ಟಿದ್ದಾರೆ. ಸೊಳ್ಳೆಪರದೆ ಕಟ್ಟೋದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಅವರು ಅದನ್ನು ಬಳಸಿದ್ದು ನಾನು ನೋಡಿಲ್ಲ.

ಎಲ್ಲರೂ ಹೇಳುವ ‘550 ಕಾರ್ಡ್’ ಅಂದರೆ ಕಡಿಮೆ ಅಂದರೂ 550 ಪೌಂಡ್ ತೂಕದವರೆಗೆ ತುಂಡಾಗದ ಹಗ್ಗ. ನಮ್ಮ ಲೆಕ್ಕದಲ್ಲಿ ಸುಮಾರು 250 ಕೆ.ಜಿ. ದಪ್ಪ ಸುಮಾರು 4 ಮಿಲಿಮೀಟರ್, ನೋಡೋಕೆ ದಪ್ಪ ಶೂ ಲೇಸಿನ ಹಾಗೆ. ತುದಿ ಕತ್ತರಿಸಿ ನೋಡಿದರೆ ಗೊತ್ತಾಗುತ್ತದೆ, ಹೊರಗಡೆ ಹೆಣೆದ ಒಂದು ಕೊಳವೆ, ಅದರೊಳಗೆ ಏಳು ಬಿಳಿ ಎಳೆಗಳು. ಒಂದೊಂದು ಎಳೆಯೂ ಮತ್ತೆ ಎರಡೋ ಮೂರೋ ನೂಲು ಸೇರಿಸಿ ಹೊಸೆದದ್ದು. ಅಸಲಿ ಮಿಲಿಟರಿ ಹಗ್ಗದಲ್ಲಿ ಮೂರು ನೂಲು, ನಮಗೆ ಸಿಗುವ ಮಾಲಿನಲ್ಲಿ ಸಾಮಾನ್ಯವಾಗಿ ಎರಡು. ಈ ಒಳಗಿನ ಎಳೆಗಳೇ ಇದರ ನಿಜವಾದ ಆಸ್ತಿ ಅಂತ ನನ್ನ ಅಭಿಪ್ರಾಯ. ಹೊರಗಿನ ಕೊಳವೆಯಿಂದ ಎಳೆದು ತೆಗೆದರೆ ಹೊಲಿಗೆಗೆ ಆಗುತ್ತದೆ, ಗಾಳಕ್ಕೆ ಆಗುತ್ತದೆ, ಹರಿದ ಟಾರ್ಪಾಲಿಗೆ ಆಗುತ್ತದೆ. ಎರಡೂವರೆ ಮೀಟರ್ ಹಗ್ಗದ ಹೊಟ್ಟೆಯಲ್ಲಿ ಹದಿನೇಳು ಮೀಟರಿಗಿಂತ ಜಾಸ್ತಿ ಗಟ್ಟಿ ದಾರ ಕೂತಿರುತ್ತದೆ.

ಆನ್‌ಲೈನಿನಲ್ಲಿ ಸಿಗುವುದೆಲ್ಲ ಹೀಗಿರಲ್ಲ ಅನ್ನೋದನ್ನೂ ಹೇಳಬೇಕು. ಕೆಲವು ಹಗ್ಗಗಳನ್ನು ಕತ್ತರಿಸಿದರೆ ಒಳಗೆ ಎಳೆಯೇ ಇರಲ್ಲ, ಹತ್ತಿ ಥರದ ತುಂಬು ಇರುತ್ತೆ. ಮೇಲೆ ನೋಡೋಕೆ ಒಂದೇ. ಹೊಸ ಸುರುಳಿ ಬಂದ ತಕ್ಷಣ ನಾನು ತುದಿ ಕತ್ತರಿಸಿ ಎಳೆ ಎಣಿಸುತ್ತೇನೆ. ಆಮೇಲೆ ಎರಡೂ ಕೈಗೆ ಸುತ್ತಿಕೊಂಡು ಎಳೆಯುತ್ತೇನೆ. ನೈಲಾನ್ ಆದರೆ ಸ್ವಲ್ಪ ಹಿಗ್ಗಬೇಕು, ಪ್ಯಾರಾಶೂಟ್ ಬಿಚ್ಚಿಕೊಳ್ಳುವಾಗಿನ ಜಗ್ಗು ತಡೆಯೋಕೆ ಆ ಹಿಗ್ಗು ಇರಲೇಬೇಕು. ಪಾಲಿಯೆಸ್ಟರ್ ಅಷ್ಟು ಹಿಗ್ಗಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೋಂಸ್ಟೇಗೆ ಬಂದವರಲ್ಲಿ ಒಬ್ಬರಾದರೂ ಕೇಳುತ್ತಾರೆ, 250 ಕೆ.ಜಿ. ತಡೆಯುತ್ತೆ ಅಂದರೆ ಇದನ್ನು ಹಿಡಿದು ಜಲಪಾತದ ಬಂಡೆ ಇಳೀಬಹುದಲ್ವಾ ಅಂತ. ಇಳೀಬಾರದು. ಆ 250 ಕೆ.ಜಿ. ಅನ್ನೋದು ಹೊಸ ಹಗ್ಗಕ್ಕೆ, ಗಂಟಿಲ್ಲದ ಹಗ್ಗಕ್ಕೆ, ನಿಧಾನವಾಗಿ ಎಳೆದಾಗ. ಗಂಟು ಬಿದ್ದಲ್ಲಿ ಬಲ ಕುಗ್ಗುತ್ತದೆ, ಕೆಲವು ಗಂಟಿನಲ್ಲಿ ಅರ್ಧದ ಹತ್ತಿರಕ್ಕೆ ಬರುತ್ತದೆ. ನೆನೆದರೆ ಇನ್ನೂ ಸ್ವಲ್ಪ ಕಡಿಮೆ. ವರ್ಷಗಟ್ಟಲೆ ಬಿಸಿಲು ತಿಂದರೆ ಮತ್ತೂ ಕಡಿಮೆ. ಮನುಷ್ಯ ಒಂದೆರಡು ಅಡಿ ಜಾರಿ ಬಿದ್ದು ಹಗ್ಗ ಗಕ್ಕನೆ ಬಿಗಿದರೆ ಅದರ ಮೇಲೆ ಬೀಳುವ ಜಗ್ಗು ಅವನ ತೂಕದ ಎಷ್ಟೋ ಪಟ್ಟು. ಜೊತೆಗೆ ನೈಲಾನ್ ಮೇಲೆ ನೈಲಾನ್ ಉಜ್ಜಿದರೆ ಆ ಬಿಸಿಗೇ ಕರಗಿ ತುಂಡಾಗುತ್ತದೆ. ಬಂಡೆ ಹತ್ತುವವರ ಹಗ್ಗ ಇದರ ಎರಡರಷ್ಟಕ್ಕಿಂತ ದಪ್ಪ, ಅದನ್ನು ಮಾಡುವ ಕ್ರಮವೇ ಬೇರೆ. ಇನ್ನು ಬ್ರೇಸ್ಲೆಟ್‌ನ ಆ ಪ್ಲಾಸ್ಟಿಕ್ ಬಕಲ್? ಅದು ಮಣಿಕಟ್ಟಿನಲ್ಲಿ ನಿಂತರೆ ಸಾಕು, ಅದರಿಂದ ಬೇರೇನೂ ಬಯಸಬೇಡಿ.

ಅಮ್ಮನ ವೈರ್ ಬುಟ್ಟಿ

ನಾನು ಮೊದಲು ಹಲಗೆಗೆ ಎರಡು ಮೊಳೆ ಹೊಡೆದು, ಫೋನಿನಲ್ಲಿ ವಿಡಿಯೋ ಹಾಕಿಕೊಂಡು, ಒಂದು ಗಂಟು ಹಾಕಿ ವಿಡಿಯೋ ನಿಲ್ಲಿಸಿ, ಮತ್ತೆ ಹಿಂದಕ್ಕೆ ಓಡಿಸಿ ಕಲಿಯುತ್ತಾ ಇದ್ದೆ. ಅಮ್ಮ ಅಡುಗೆಮನೆಯಿಂದ ಕಾಫಿ ತಂದವರು ಅಲ್ಲೇ ನಿಂತರು. ಎಂಬತ್ತರ ದಶಕದಲ್ಲಿ ಮದುವೆಯಾಗಿ ಬಂದವರು. ಆ ಕಾಲದ ಎಷ್ಟೋ ಹೆಂಗಸರ ಹಾಗೆ ಪ್ಲಾಸ್ಟಿಕ್ ವೈರಿನ ಬುಟ್ಟಿ ಹೆಣೆದವರು, ಮ್ಯಾಕ್ರಮೆ ದಾರದಲ್ಲಿ ಹೂಕುಂಡ ನೇತು ಹಾಕುವ ಜೋಲಿ ಮಾಡಿದವರು. ನಮ್ಮ ಮನೆ ಜಗುಲಿಯಲ್ಲಿ ಆ ಜೋಲಿ ನಾನು ಹೈಸ್ಕೂಲು ಮುಗಿಸುವವರೆಗೂ ಇತ್ತು.

"ಏನೋ ಅದು?"

"ಕೋಬ್ರಾ ಗಂಟು ಅಂತಾರಮ್ಮ. ಆರ್ಮಿಯವರದ್ದು."

ಅಮ್ಮ ಹಲಗೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಎಡಗಡೆಯ ಹಗ್ಗವನ್ನು ನಡುವಿನ ಎರಡು ಎಳೆಗಳ ಮೇಲೆ ಅಡ್ಡ ಹಾಕಿದರು. ಬಲಗಡೆಯದನ್ನು ಅದರ ಬಾಲದ ಮೇಲಿಂದ ಇಳಿಸಿ, ನಡುವಿನ ಎಳೆಗಳ ಕೆಳಗಿಂದ ತೂರಿಸಿ, ಎಡಗಡೆಯ ಸುತ್ತಿನೊಳಗಿಂದ ಮೇಲೆತ್ತಿ ಎಳೆದರು. ಆಮೇಲೆ ಅದೇ ಕೆಲಸ ಬಲಗಡೆಯಿಂದ. ಮತ್ತೆ ಎಡ, ಮತ್ತೆ ಬಲ. ಮಾತಾಡುತ್ತಲೇ ಇದ್ದರು, ಕೈ ತನ್ನ ಪಾಡಿಗೆ ಓಡುತ್ತಿತ್ತು. "ಇದು ಆರ್ಮಿಯವರದ್ದಾ? ಇದರಲ್ಲಿ ನಾನು ಟಿವಿ ಮೇಲೆ ಹಾಸೋದು ಮಾಡಿದ್ದೆ" ಅಂತ ಹೇಳಿ ಕಾಫಿ ಲೋಟ ಕೈಗೆ ಕೊಟ್ಟು ಹೋದರು. ಅಷ್ಟು ಹೊತ್ತಿಗೆ ಅರ್ಧ ಬ್ರೇಸ್ಲೆಟ್ ಮುಗಿದಿತ್ತು. ನಾನು ಹಾಕಿದ ಗಂಟುಗಳು ಎಲ್ಲಿ ಮುಗಿದವು, ಅಮ್ಮ ಹಾಕಿದ್ದು ಎಲ್ಲಿ ಶುರುವಾಯಿತು ಅಂತ ಕಣ್ಣಿಗೆ ರಾಚುತ್ತಿತ್ತು.

ಮಾಡುವ ರೀತಿ ಇಷ್ಟೇ. ಮಣಿಕಟ್ಟಿನ ಸುತ್ತಳತೆ ತೆಗೆದು ಅದಕ್ಕೆ ಒಂದು ಇಂಚು ಸೇರಿಸಿ, ಬಕಲ್‌ನ ಎರಡು ತುಂಡುಗಳನ್ನು ಅಷ್ಟು ದೂರದಲ್ಲಿ ಮೊಳೆಗೆ ಸಿಕ್ಕಿಸಿ. ಬ್ರೇಸ್ಲೆಟ್‌ನ ಪ್ರತಿ ಇಂಚಿಗೆ ಸುಮಾರು ಒಂದು ಅಡಿ ಹಗ್ಗ ಅನ್ನೋದು ಎಲ್ಲರೂ ಹೇಳುವ ಲೆಕ್ಕ, ಅದು ಸರಿಯಾಗೇ ಇದೆ. ಎಂಟು ಇಂಚಿಗೆ ಎಂಟರಿಂದ ಒಂಬತ್ತು ಅಡಿ, ಅಂದರೆ ಎರಡೂವರೆ ಮೀಟರ್ ಚಿಲ್ಲರೆ. ಅಂಗಡಿಯ ಚೀಟಿಯಲ್ಲಿರುವ ಮೂರು ಮೀಟರ್ ಬರಬೇಕಾದರೆ ಮಣಿಕಟ್ಟು ಸ್ವಲ್ಪ ದಪ್ಪವೇ ಇರಬೇಕು. ಹಗ್ಗವನ್ನು ಮಧ್ಯಕ್ಕೆ ಮಡಚಿ ಒಂದು ಬಕಲ್‌ಗೆ ಸಿಕ್ಕಿಸಿ, ಎರಡೂ ತುದಿಯನ್ನು ಇನ್ನೊಂದು ಬಕಲ್‌ನಿಂದ ತೂರಿಸಿ ವಾಪಸ್ ತಂದರೆ ನಡುವೆ ಎರಡು ಎಳೆ ನಿಲ್ಲುತ್ತದೆ, ಅದರ ಸುತ್ತ ಗಂಟು. ಪ್ರತಿ ಗಂಟಿಗೂ ಬದಿ ಬದಲಾಯಿಸೋದು ಮರೆತರೆ ಪಟ್ಟಿ ಚಪ್ಪಟೆಯಾಗಿ ಬರಲ್ಲ, ತಿರುಚಿಕೊಂಡು ಸುತ್ತುತ್ತಾ ಹೋಗುತ್ತದೆ. ಕೆಲವರು ಬೇಕಂತಲೇ ಹಾಗೆ ಮಾಡುತ್ತಾರೆ, ಅದೂ ಚೆನ್ನಾಗೇ ಕಾಣುತ್ತೆ. ಒಂದೇ ಬಿಗಿಯಲ್ಲಿ ಎಳೆಯೋದೇ ಇಡೀ ಕೆಲಸದ ಗುಟ್ಟು. ಕೊನೆಗೆ ತುದಿ ಕತ್ತರಿಸಿ ಲೈಟರ್ ಹಿಡಿದು ಕರಗಿಸಿ ಒತ್ತಬೇಕು. ಬೆರಳಿನಲ್ಲಿ ಒತ್ತಬೇಡಿ, ಕರಗಿದ ನೈಲಾನ್ ಚರ್ಮಕ್ಕೆ ಅಂಟಿಕೊಂಡರೆ ಸುಲಭಕ್ಕೆ ಬಿಡಲ್ಲ. ಚಮಚದ ಹಿಂಬದಿ ಸಾಕು.

ಮಳೆ ಸುರಿಯುತ್ತಿರುವಾಗ ಈ ಕೆಲಸಕ್ಕೆ ಕೂತರೆ ಹೊತ್ತು ಹೋಗುವುದು ಗೊತ್ತಾಗಲ್ಲ. ನಮ್ಮಲ್ಲಿ ಜೂನ್‌ನಿಂದ ಬಟ್ಟೆ, ಬೆಲ್ಟು, ಚಪ್ಪಲಿ, ಪುಸ್ತಕ ಎಲ್ಲದಕ್ಕೂ ಬೂಷ್ಟು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಹತ್ತಿ ಹಗ್ಗ ಕೊಳೆಯುತ್ತೆ, ನಾರಿನ ಹಗ್ಗ ಕಪ್ಪಾಗುತ್ತೆ, ನೈಲಾನ್ ಮಾತ್ರ ತೊಳೆದರೆ ಮತ್ತೆ ಹೊಸದು. ಈ ಒಂದು ಕಾರಣಕ್ಕೆ ಪ್ಯಾರಾಕಾರ್ಡ್ ನಮ್ಮ ಊರಿಗೆ ಹೇಳಿ ಮಾಡಿಸಿದ್ದು.

ಬಿಚ್ಚುವ ಕಷ್ಟ

ಬಿಚ್ಚೋದು ಮಾತ್ರ ಬೇರೆಯೇ ಕಥೆ. ತಡಿಯಂಡಮೋಳ್‌ನಿಂದ ಬಂದ ಮೇಲೆ, ತಿಂಗಳುಗಟ್ಟಲೆ ಕೈಯಲ್ಲೇ ಇದ್ದ ನನ್ನದೇ ಬ್ರೇಸ್ಲೆಟ್ ಒಂದನ್ನು ಬಿಚ್ಚಲು ಕೂತೆ. ಮನೆಯೊಳಗೆ, ಲೈಟ್ ಕೆಳಗೆ, ಒಣ ಕೈಯಲ್ಲಿ. ಮೊದಲ ಕಷ್ಟ, ಕರಗಿಸಿ ಅಂಟಿಸಿದ ತುದಿ. ಉಗುರಿಗೆ ಜಗ್ಗಲ್ಲ, ಚಾಕು ಬೇಕು. ಚಾಕು ಜೊತೆಗಿದ್ದರೆ ಅಲ್ಲಿಗೆ ಅರ್ಧ ತೊಂದರೆ ಮುಗಿದ ಹಾಗೇ ಅಲ್ವಾ. ಅದಾದ ಮೇಲೆ ಒಂದೊಂದೇ ಗಂಟು, ಹಾಕಿದ ಕ್ರಮದಲ್ಲೇ ಹಿಂದಕ್ಕೆ. ನೆನೆದು ಒಣಗಿ, ನೆನೆದು ಒಣಗಿ ಗಂಟುಗಳು ಕೂತುಬಿಟ್ಟಿದ್ದವು. ಒಂದು ಕಪ್ ಕಾಫಿ ಆರಿ ತಣ್ಣಗಾಗುವಷ್ಟು ಹೊತ್ತು ಹಿಡಿಯಿತು. ಕೈಗೆ ಬಂದ ಹಗ್ಗವೂ ನೇರ ಇಲ್ಲ, ಉದ್ದಕ್ಕೂ ಸುಕ್ಕು. ಇದೇ ಕೆಲಸವನ್ನು ಮಳೆಯಲ್ಲಿ, ಬೆರಳು ಮರಗಟ್ಟಿರುವಾಗ, ಕಾಲಿಗೆ ಜಿಗಣೆ ಹತ್ತುತ್ತಿರುವಾಗ, ಪಕ್ಕದಲ್ಲಿ ಯಾರೋ ನೋವಿನಿಂದ ಕೂಗುತ್ತಿರುವಾಗ ಮಾಡಬೇಕು ಅನ್ನೋದು ಆ ಚೀಟಿಯ ಕಲ್ಪನೆ.

ನಮ್ಮ ತೋಟದಲ್ಲಿ ಮೆಣಸು ಕೊಯ್ಯುವವರನ್ನು ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿ, ಅದಕ್ಕೆ ಒರಗಿಸಿದ ಒಂಟಿ ಬಿದಿರಿನ ಏಣಿ. ಅಷ್ಟು ಎತ್ತರದಲ್ಲಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ನಿಂತು ಕೊಯ್ಯಬೇಕು. ಏಣಿಯ ಮೇಲ್ತುದಿಯನ್ನು ಮರಕ್ಕೆ ಕಟ್ಟುತ್ತಾರೆ. ಜೀವ ಆ ಗಂಟಿನ ಮೇಲೇ ಇದೆ. ಆದರೂ ಅದು ಜಾರುಗಂಟು. ಹಗ್ಗದ ಬಾಲವನ್ನು ಮಡಚಿ ಕುಣಿಕೆಯಾಗಿಯೇ ಬಿಟ್ಟಿರುತ್ತಾರೆ, ಭಾರ ಬಿದ್ದಷ್ಟೂ ಬಿಗಿ, ಬಾಲ ಎಳೆದರೆ ಒಂದೇ ಸಲಕ್ಕೆ ಮಾಯ. ಹಟ್ಟಿಯಲ್ಲಿ ದನ ಕಟ್ಟೋದೂ ಹೀಗೇ. ಒಂದು ಸಲ ಕೇಳಿಯೂ ಕೇಳಿದ್ದೆ, ಇನ್ನೂ ಭದ್ರವಾಗಿ ಎರಡು ಗಂಟು ಯಾಕೆ ಹಾಕಲ್ಲ ಅಂತ.

"ಇದೂ ಭದ್ರನೇ ಅಣ್ಣ. ಇನ್ನೂ ಅಷ್ಟು ಮರ ಇದೆ. ಒಂದೊಂದರಲ್ಲೂ ಬಿಚ್ತಾ ಕೂತ್ರೆ ಸಂಜೆ ಆಗಲ್ವಾ?"

ದಿನವಿಡೀ ಹಗ್ಗದ ಜೊತೆ ಬದುಕುವವರಿಗೆ ಕಟ್ಟುವಾಗಲೇ ಬಿಚ್ಚುವ ಯೋಚನೆ ಇರುತ್ತದೆ. ಅಂಗಡಿಯ ಬ್ರೇಸ್ಲೆಟ್ ಮಾಡಿದವರಿಗೆ ಇದ್ದದ್ದು ಕೈಯಲ್ಲಿ ಅಂದವಾಗಿ ಕೂರುವ ಯೋಚನೆ ಮಾತ್ರ.

ಬೇಗ ಬಿಚ್ಚುವ ಬ್ರೇಸ್ಲೆಟ್‌ಗಳೂ ಇವೆ, ಇಲ್ಲ ಅಂತಲ್ಲ. ಕ್ರೋಶಾ ಕಡ್ಡಿಯಲ್ಲಿ ಹಾಕುವ ಸರಪಳಿ ಹೆಣಿಗೆ ಗೊತ್ತಲ್ಲ, ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುತ್ತಾ ಹೋಗೋದು, ಅದೇ ತತ್ವ. ಕೊನೆಯ ಕುಣಿಕೆಯಲ್ಲಿ ತುದಿ ತೂರಿಸಿ ಬಂದ್ ಮಾಡಿರುತ್ತಾರೆ. ತುದಿ ಹೊರಗೆಳೆದು ಜಗ್ಗಿದರೆ ಸರ್ರನೆ ಇಡೀ ಬ್ರೇಸ್ಲೆಟ್ ಹಗ್ಗವಾಗುತ್ತದೆ. ಬಕಲ್ ಬದಲು ಒಂದು ತುದಿಯಲ್ಲಿ ಗಂಟು, ಇನ್ನೊಂದರಲ್ಲಿ ಕುಣಿಕೆ. ಇದನ್ನೂ ಮಾಡಿ ಕೈಗೆ ಹಾಕಿಕೊಂಡು ತೋಟ ಸುತ್ತಿದೆ. ಕಾಫಿ ಗಿಡದ ರೆಂಬೆಗಳಿಗೆ ಸಿಕ್ಕಿ ಸಿಕ್ಕಿ ಕುಣಿಕೆಗಳು ಸಡಿಲವಾದವು, ಗೇಟಿನ ಚಿಲಕಕ್ಕೆ ಸಿಕ್ಕಿ ಒಂದು ಸಲ ಪೂರ್ತಿ ಬಿಚ್ಚಿಯೂ ಹೋಯಿತು. ನೋಡೋಕೂ ಸ್ವಲ್ಪ ದೊಗಳೆ. ಹೋಂಸ್ಟೇಯ ಟೇಬಲ್ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಎಲ್ಲರ ಕೈಯೂ ಕೋಬ್ರಾ ಕಡೆಗೇ ಹೋಗುತ್ತದೆ.

2018ರ ಹಗ್ಗಗಳು

ಕೊಡಗಿನಲ್ಲಿ ಕೂತು ಜೀವ ಉಳಿಸುವ ಹಗ್ಗದ ಬಗ್ಗೆ ಬರೆಯುವಾಗ 2018ರ ಆಗಸ್ಟಿನ ಮಳೆ, ಗುಡ್ಡ ಕುಸಿತ ನೆನಪಾಗದೆ ಇರಲ್ಲ. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಹೆಸರು ಹೇಳಿದರೆ ಸಾಕು, ನಿಮಗೆ ಗೊತ್ತು. ರಸ್ತೆ ಇದ್ದಲ್ಲಿ ಕೆಸರು ಹರಿಯುತ್ತಿದ್ದ ಕಡೆಗಳಲ್ಲಿ ಸೈನ್ಯದವರು, ಎನ್‌ಡಿಆರ್‌ಎಫ್‌ನವರು, ಊರಿನ ಹುಡುಗರು ಹಗ್ಗ ಕಟ್ಟಿ ಜನರನ್ನು ದಾಟಿಸಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೀರಿ. ಅದು ಹೆಬ್ಬೆರಳಿನಷ್ಟು ದಪ್ಪದ, ಉದ್ದನೆಯ ಹಗ್ಗ. ಎರಡೂ ದಡದಲ್ಲಿ ಹಿಡಿಯೋಕೆ ಜನ ಇದ್ದ ಹಗ್ಗ. ರಾತ್ರಿ ಗುಡ್ಡ ಕೆಳಗಿಳಿಯುವಾಗ ಮನೆಯೊಳಗೆ ಮಲಗಿದ್ದವರಿಗೆ ಮಣಿಕಟ್ಟಿನಲ್ಲಿ ಏನು ಕಟ್ಟಿದ್ದರೂ ಪ್ರಯೋಜನ ಇರುತ್ತಿರಲಿಲ್ಲ. ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾದದ್ದು ನೋಡಿ, ಅಂಗಳದಲ್ಲಿ ಬಿರುಕು ಕಂಡು, ಹೊತ್ತಿಗೆ ಮುಂಚೆ ಹೊರಟವರು ಉಳಿದರು. ಮರುವರ್ಷ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿದಾಗಲೂ ಮಾತು ಅದೇ.

ನನಗೆ ಹೆಚ್ಚು ನೆನಪಿರುವುದು ಬೇರೆ ಹಗ್ಗ. ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿ ಕೈಲಾದ ಕೆಲಸ ಮಾಡಲು ನಾವು ಕೆಲವರು ಹೋಗಿದ್ದೆವು. ದೊಡ್ಡ ಹಾಲ್, ತುಂಬ ಜನ, ಮಾತು ಕಡಿಮೆ. ಅಕ್ಕಿ, ಬಿಸ್ಕತ್ತು, ಕಂಬಳಿ ಲಾರಿಗಟ್ಟಲೆ ಬರುತ್ತಿತ್ತು. ಒಬ್ಬ ಅಜ್ಜಿ ನನ್ನನ್ನು ಕರೆದು, "ಮಗಾ, ಒಂದು ಹಗ್ಗ ಸಿಗುತ್ತಾ?" ಅಂತ ಕೇಳಿದರು. ಯಾಕೆ ಅಂತ ಕೇಳಿದ್ದಕ್ಕೆ, ಉಟ್ಟ ಬಟ್ಟೆ ನೆನೆದಿದೆ, ಒಣಹಾಕೋಕೆ ಜಾಗ ಇಲ್ಲ, ಅದಕ್ಕಿಂತ ಮೊದಲು ಹೆಣ್ಣುಮಕ್ಕಳು ಬಟ್ಟೆ ಬದಲಾಯಿಸೋಕೆ ಒಂದು ಮರೆ ಬೇಕು ಅಂದರು. ಅಷ್ಟು ಸಾಮಾನಿನ ರಾಶಿಯಲ್ಲಿ ಹಗ್ಗ ಮಾತ್ರ ಇರಲಿಲ್ಲ. ಯಾರಿಗೂ ಹೊಳೆದಿರಲಿಲ್ಲ. ಕೊನೆಗೆ ಕಂಬಳಿ ಕಟ್ಟುಗಳಿಗೆ ಬಿಗಿದಿದ್ದ ಪ್ಲಾಸ್ಟಿಕ್ ಹಗ್ಗಗಳನ್ನೇ ಬಿಚ್ಚಿ, ಒಂದಕ್ಕೊಂದು ಗಂಟು ಹಾಕಿ ಉದ್ದ ಮಾಡಿ, ಕಿಟಕಿಯ ಸರಳಿನಿಂದ ಕಂಬಕ್ಕೆ ಎಳೆದೆವು. ಅದರ ಮೇಲೆ ಎರಡು ಸೀರೆ ಇಳಿಬಿಟ್ಟೆವು. ಆ ಮರೆಯ ಹಿಂದಕ್ಕೆ ಹೋಗಲು ಹೆಂಗಸರ ಸಾಲು ಹೊರಗಿನವರೆಗೂ ಇತ್ತು.

ಆ ಹಾಲಿನಲ್ಲಿ ಬ್ರೇಸ್ಲೆಟ್ ಹಾಕಿದ್ದ ಸ್ವಯಂಸೇವಕರೂ ಇದ್ದರು ಅಂತ ಈಗ ಫೋಟೋ ನೋಡಿದರೆ ಗೊತ್ತಾಗುತ್ತದೆ. ಆಗ ನಾನು ಗಮನಿಸಿರಲಿಲ್ಲ, ಅವರಿಗೂ ಅದು ಹಗ್ಗ ಅಂತ ಅನಿಸಿರಲಿಕ್ಕಿಲ್ಲ.

ಸೀಟಿ ಇರಲಿ, ಉಳಿದದ್ದು ಬೇಡ

ಬ್ರೇಸ್ಲೆಟ್‌ಗೆ ಸೇರಿಸುವ ಸಾಮಾನಿನ ಬಗ್ಗೆಯೂ ಒಂದೆರಡು ಮಾತು. ಕಿಡಿ ಹಾರಿಸುವ ಕಡ್ಡಿಯನ್ನು ನಾನು ಹಾಕಲ್ಲ. ಜುಲೈ ತಿಂಗಳಲ್ಲಿ ನಮ್ಮ ಬಚ್ಚಲೊಲೆಗೆ ಸೌದೆ ಒಟ್ಟಿ ಸೀಮೆಎಣ್ಣೆ ಸುರಿದು ಬೆಂಕಿಕಡ್ಡಿ ಗೀರಿದರೂ ಹೊಗೆ ಮಾತ್ರ ಬರುತ್ತೆ. ಅಂಥ ಕಡೆ, ಕಾಡಿನ ನಡುವೆ, ಒಂದು ಕಿಡಿಯಿಂದ ಬೆಂಕಿ ಮಾಡ್ತೀನಿ ಅನ್ನುವವರು ಮೊದಲು ನಮ್ಮ ಬಚ್ಚಲಿಗೆ ಬಂದು ತೋರಿಸಲಿ. ಬಿಸಿಲುಗಾಲದಲ್ಲಾದರೆ ಕಾಡಿನಲ್ಲಿ ಕಿಡಿ ಹಾರಿಸಲೇಬಾರದು. ಗಾಳದ ಕೊಕ್ಕೆ ಒಳಗಿಟ್ಟು ಕಟ್ಟಿದ ಬ್ರೇಸ್ಲೆಟ್‌ಗಳೂ ಬರುತ್ತವೆ, ಬೆಟ್ಟದ ತುದಿಯಲ್ಲಿ ಅದರಿಂದ ಏನು ಹಿಡಿಯುತ್ತಾರೋ. ಗುಂಡಿ ದಿಕ್ಸೂಚಿ ಅಲುಗಾಡಿಸಿದಾಗಲೆಲ್ಲ ಬೇರೆ ಬೇರೆ ಉತ್ತರ ತೋರಿಸುತ್ತದೆ.

ಸೀಟಿ ಮಾತ್ರ ಇರಲಿ. ಮಂಜು ಮುಚ್ಚಿದರೆ ಹತ್ತು ಹೆಜ್ಜೆ ಮುಂದಿರುವವರು ಕಾಣದ ಜಾಗ ನಮ್ಮದು, ಕೂಗಿ ಕೂಗಿ ಗಂಟಲು ಬೀಳುತ್ತದೆ, ಸೀಟಿಗೆ ಉಸಿರಿದ್ದರೆ ಸಾಕು. ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ. ಸಹಾಯ ಬೇಕು ಅನ್ನೋದಕ್ಕೆ ಬಹಳ ಕಡೆ ಇದೇ ಕ್ರಮ. ಬಕಲ್‌ನಲ್ಲಿರುವ ಸೀಟಿ ಸಣ್ಣ ಸದ್ದಿನದು, ಆಟದ ಮೇಷ್ಟ್ರು ಊದುವಂಥ ನೆಟ್ಟಗಿನ ಸೀಟಿಯನ್ನೇ ಬ್ಯಾಗಿಗೆ ಕಟ್ಟಿಕೊಳ್ಳೋದು ವಾಸಿ. ಅದನ್ನು ಕಟ್ಟೋಕೆ ಒಳ್ಳೆ ದಾರ ಯಾವುದು ಅಂತ ಹೇಳಬೇಕಿಲ್ಲ ತಾನೇ.

ಎರಡು ಹಗ್ಗ

ಈಗ ನಾನು ಮಾಡುತ್ತಿರುವುದು ಹೀಗೆ. ಬ್ರೇಸ್ಲೆಟ್ ಬೇರೆ, ಹಗ್ಗ ಬೇರೆ. ಬ್ರೇಸ್ಲೆಟ್ ಕೈಗೆ ಅಂದ, ಕಟ್ಟುವಾಗ ನನಗೆ ಖುಷಿ, ಅಷ್ಟಕ್ಕೇ ಅದು ಸಾರ್ಥಕ ಅಂತ ಒಪ್ಪಿಕೊಂಡಿದ್ದೇನೆ. ಅದಕ್ಕೆ ಬಕಲ್ ಕೂಡ ಬಿಟ್ಟಿದ್ದೇನೆ, ಗಂಟು ಕುಣಿಕೆ ಸಾಕು. ಚೀಟಿ ಇಲ್ಲ, ಭರವಸೆ ಇಲ್ಲ. ಅದರ ಜೊತೆ ಐದು ಮೀಟರ್ ಬಿಡಿ ಹಗ್ಗವನ್ನು ನಾಲ್ಕು ಬೆರಳಿಗೆ ಸುತ್ತಿ, ನಡುವೆ ಒಂದು ಜಾರುಗಂಟು ಹಾಕಿ ಕೊಡುತ್ತೇನೆ. ಬಾಲ ಎಳೆದರೆ ಬಿಚ್ಚಿತು. ಬ್ಯಾಗಿನ ಸೈಡ್ ಜೇಬಿನಲ್ಲಿ ಹಾಕಿಕೊಳ್ಳಿ, ಶೂ ಬಾಯಿ ಬಿಟ್ಟರೆ, ಬ್ಯಾಗಿನ ಪಟ್ಟಿ ಕಿತ್ತರೆ, ಬೈಕಿನ ನಂಬರ್ ಪ್ಲೇಟ್ ಅಲ್ಲಾಡಿದರೆ, ಟಾರ್ಪಾಲು ಹಾರಿದರೆ ಇದು ಆಗುತ್ತೆ ಅಂತ ಹೇಳುತ್ತೇನೆ. ಕಟ್ಟಿ, ಕೆಲಸ ಮುಗಿದ ಮೇಲೆ ಬಿಚ್ಚಿ ಮತ್ತೆ ಸುತ್ತಿಡಿ ಅಂತಲೂ ಹೇಳುತ್ತೇನೆ. ಸುಬೇದಾರ್ ಮಾವನಿಗೆ ಎರಡನ್ನೂ ತೋರಿಸಿದೆ. ಬ್ರೇಸ್ಲೆಟ್ ಕಡೆ ಅವರು ನೋಡಲೂ ಇಲ್ಲ, ಸುರುಳಿಯನ್ನು ಜೇಬಿಗೆ ಹಾಕಿಕೊಂಡು ಹೋದರು.

ಬರುವವರು ಎರಡನ್ನೂ ಖುಷಿಯಿಂದ ತಗೊಳ್ಳುತ್ತಾರೆ. ಬ್ರೇಸ್ಲೆಟ್ ಅಲ್ಲೇ ಕೈಗೆ ಹಾಕಿಕೊಂಡು ಒಂದು ಸೆಲ್ಫಿ. ಅವರು ಹೋದ ಮೇಲೆ ರೂಮು ಗುಡಿಸುವಾಗ ಹೆಚ್ಚಿನ ಸಲ ಹಗ್ಗದ ಸುರುಳಿ ಟೇಬಲ್ ಮೇಲೆ, ಖಾಲಿ ನೀರಿನ ಬಾಟಲಿ ಪಕ್ಕ ಹಾಗೇ ಇರುತ್ತದೆ. ಅಮ್ಮ ಅದನ್ನು ವಾಪಸ್ ನನಗೆ ಕೊಡಲ್ಲ. ಈ ಸಲದ ಅವರೆ ಚಪ್ಪರ, ಕೋಳಿ ಗೂಡಿನ ಬಾಗಿಲು, ಸ್ನಾನದ ಮನೆಯ ಬಟ್ಟೆ ಹಗ್ಗ, ಎಲ್ಲ ಅದರಲ್ಲೇ ಆಗಿದೆ. ಮುಂದಿನ ಸಲ ಕಿತ್ತಳೆ ಬಣ್ಣ ತರಿಸು, ಹಸಿರು ಹಗ್ಗ ಬಳ್ಳಿಯಲ್ಲಿ ಕಾಣಲ್ಲ, ತಲೆಗೆ ಸಿಕ್ಕಿಕೊಳ್ಳುತ್ತೆ ಅಂತ ಹೇಳಿದ್ದಾರೆ.